ಎಚ್‌ಡಿಆರ್ ಫೋಟೊ: ಬೇಲೂರಿನ ಒಳಗೆ ಬೇಕು, ಹಳೇಬೀಡಿನ ಹೊರಗೆ ಬೇಡ

ಹೊಸ ಫೋನ್ ತೆಗೆದುಕೊಂಡವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ. ಎಚ್‌ಡಿಆರ್ ಆನ್ ಇಟ್ಟುಕೊಳ್ಳಬೇಕಾ, ಆಫ್ ಮಾಡಬೇಕಾ? ಎಚ್‌ಡಿಆರ್ ಅಂದರೆ ಹೈ ಡೈನಾಮಿಕ್ ರೇಂಜ್, ತುಂಬ ಬೆಳಕಿನ ಭಾಗ, ತುಂಬ ಕತ್ತಲೆಯ ಭಾಗ ಎರಡೂ ಒಂದೇ ಫೋಟೊದಲ್ಲಿ ಕಾಣುವಂತೆ ಮಾಡುವ ಸೌಲಭ್ಯ. ಕ್ಯಾಮೆರಾ ಇರುವವರು ಇನ್ನೊಂದು ಕೇಳುತ್ತಾರೆ, ಒಂದೇ ಜಾಗದ ಮೂರು ಫೋಟೊ ತೆಗೆದು ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ಸೇರಿಸುವ ಶ್ರಮಕ್ಕೆ ತಕ್ಕ ಫಲ ಸಿಗುತ್ತದಾ ಅಂತ. ನಾನಿರುವುದು ಹಾಸನದಲ್ಲಿ. ಫೋಟೊ ತೆಗೆಯುವುದು ಬಹಳ ವರ್ಷದ ಅಭ್ಯಾಸ, ತೆಗೆದದ್ದೆಲ್ಲ ಹೆಚ್ಚುಕಡಿಮೆ ಇಲ್ಲಿನ ಗುಡಿ, ಗುಡ್ಡ, ಕಾಫಿ ತೋಟ. ಹಾಗಾಗಿ ಈ ವಿಮರ್ಶೆ ಪೂರ್ತಿ ನಮ್ಮ ಜಿಲ್ಲೆ ಮತ್ತು ಪಕ್ಕದ ಚಿಕ್ಕಮಗಳೂರಿನ ಬಿಸಿಲು ನೆರಳಿನಲ್ಲಿ ಬರೆದದ್ದು. ಒಂದು ಕಂಪನಿಯ ಒಂದು ಫೋನಿನ ಬಗ್ಗೆ ಅಲ್ಲ. ಎಚ್‌ಡಿಆರ್ ಅನ್ನುವ ಸೌಲಭ್ಯದ ಬಗ್ಗೆ, ಅದು ಫೋನಿನದ್ದಿರಲಿ, ಕ್ಯಾಮೆರಾದ್ದಿರಲಿ, ಸಾಫ್ಟ್‌ವೇರ್‌ನದ್ದಿರಲಿ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕತ್ತಲೆ ಅಡ್ಡ ಬರುವ ಕಡೆ ಇದರಷ್ಟು ಕೆಲಸಕ್ಕೆ ಬರುವುದು ಇನ್ನೊಂದಿಲ್ಲ. ನೆರಳಿನಿಂದಲೇ ಚೆಂದ ಬರುವ ಕಡೆ ಇದರಷ್ಟು ಕೆಡಿಸುವುದೂ ಇನ್ನೊಂದಿಲ್ಲ. ಈಗಿನ ಫೋನುಗಳು ಎರಡಕ್ಕೂ ವ್ಯತ್ಯಾಸ ನೋಡದೆ ಎಲ್ಲದಕ್ಕೂ ಹಾಕಿಬಿಡುತ್ತವೆ. ನನ್ನ ತಕರಾರು ಇರುವುದು ಅಲ್ಲೇ.

ಬೇಲೂರಿನ ಚೆನ್ನಕೇಶವ ದೇವಸ್ಥಾನದ ನವರಂಗ, ಅಂದರೆ ಒಳಗಿನ ಕಂಬಗಳ ಮಂಟಪ, ನೋಡಿದವರಿಗೆ ಎಚ್‌ಡಿಆರ್ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಾಗಿಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ, ಪೂರ್ವಕ್ಕೆ ಮುಖ. ಮಂಟಪ ಮೊದಲು ತೆರೆದೇ ಇತ್ತು, ಆಮೇಲೆ ಅವನ ಮೊಮ್ಮಗ ಎರಡನೇ ಬಲ್ಲಾಳನ ಕಾಲದಲ್ಲಿ ಸುತ್ತ ಕಲ್ಲಿನ ಜಾಲಂದ್ರ ಕೂರಿಸಿದರು. ಅಲ್ಲಿಂದ ಒಳಗೆ ಕತ್ತಲೆ. ಬೆಳಿಗ್ಗೆ ಬಾಗಿಲಿನಿಂದ ಬೆಳಕು ನುಗ್ಗುತ್ತದೆ, ಜಾಲಂದ್ರದ ತೂತುಗಳಿಂದ ಚೂರು ಚೂರು ಬರುತ್ತದೆ, ಉಳಿದದ್ದೆಲ್ಲ ಕಪ್ಪು. ನಾವು ಒಳಗೆ ಕಾಲಿಟ್ಟಾಗ ಮೊದಲು ಏನೂ ಕಾಣುವುದಿಲ್ಲ, ಸ್ವಲ್ಪ ಹೊತ್ತು ನಿಂತರೆ ಕಣ್ಣು ಹೊಂದಿಕೊಂಡು ಒಂದೊಂದೇ ಕಂಬ, ಅದರ ಮೇಲಿನ ಮದನಿಕೆ, ತಲೆಯ ಮೇಲೆ ಭುವನೇಶ್ವರಿ ಅನ್ನುವ ಕೆತ್ತನೆಯ ಚಾವಣಿ ಎಲ್ಲ ತೋರುತ್ತವೆ. ಕ್ಯಾಮೆರಾಗೆ ಆ ಸೌಕರ್ಯ ಇಲ್ಲ. ಬಾಗಿಲಿಗೆ ಸರಿಯಾಗುವಂತೆ ತೆಗೆದರೆ ಕಂಬ ಮಸಿ. ಕಂಬಕ್ಕೆ ಸರಿಯಾಗುವಂತೆ ತೆಗೆದರೆ ಬಾಗಿಲು ಬರೀ ಬಿಳಿ ಚೌಕ, ಅಂಗಳವೂ ಇಲ್ಲ, ಜನರೂ ಇಲ್ಲ.

ಬೆಳಕಿನ ಈ ಅಂತರವನ್ನು ಫೋಟೊದವರು ಸ್ಟಾಪ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು. ಹತ್ತು ಸ್ಟಾಪ್ ಅಂದರೆ 1,024 ಪಟ್ಟು. ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಭಾಗ) ಇರುವ ಈಗಿನ ಒಳ್ಳೆಯ ಫುಲ್ ಫ್ರೇಮ್ ಕ್ಯಾಮೆರಾ ಕಡಿಮೆ ಐಎಸ್‌ಒನಲ್ಲಿ, ಅಂದರೆ ಬೆಳಕಿಗೆ ಸ್ಪಂದಿಸುವ ಅಳತೆ ಕಡಿಮೆ ಇಟ್ಟಾಗ, ಸುಮಾರು 14 ಸ್ಟಾಪ್ ತನಕ ಹಿಡಿಯುತ್ತದೆ. ಫೋನಿನ ಸೆನ್ಸರ್ ಉಗುರಿನಷ್ಟು ಇರುವುದರಿಂದ ಅದರ ಕೈಗೆ ಅಷ್ಟು ಸಿಗುವುದಿಲ್ಲ. ಕೊನೆಗೆ ಉಳಿಸುವ ಜೆಪೆಗ್ ಫೈಲ್‌ನಲ್ಲಂತೂ ಪ್ರತಿ ಬಣ್ಣಕ್ಕೆ ಬೆಳಕಿನ ಬರೀ 256 ಮೆಟ್ಟಿಲು. ಹಿಡಿದದ್ದನ್ನು ಅಷ್ಟರಲ್ಲಿ ತುರುಕಬೇಕು, ಅಲ್ವಾ? ಎಚ್‌ಡಿಆರ್ ಮಾಡುವುದು ಈ ಎರಡು ಕೆಲಸ. ಕಡಿಮೆ ಬೆಳಕಿನದ್ದೊಂದು, ಸರಿಬೆಳಕಿನದ್ದೊಂದು, ಜಾಸ್ತಿ ಬೆಳಕಿನದ್ದೊಂದು ಹೀಗೆ ಫೋಟೊ ತೆಗೆದು ಸೇರಿಸುವುದು ಮೊದಲ ಕೆಲಸ. ಸೇರಿಸಿದ್ದನ್ನು ಪರದೆಯಲ್ಲಿ ಕಾಣುವ ಹಾಗೆ ಕುಗ್ಗಿಸುವುದು ಎರಡನೆಯದು, ಅದಕ್ಕೆ ಟೋನ್ ಮ್ಯಾಪಿಂಗ್ ಅನ್ನುತ್ತಾರೆ. ಜನ ಬೈಯುವ ಎಚ್‌ಡಿಆರ್ ತೊಂದರೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಈ ಎರಡನೇ ಕೆಲಸದಲ್ಲಿ.

ಇದು ಫೋನ್ ಕಂಪನಿಗಳು ಕಂಡುಹಿಡಿದ ಸಂಗತಿ ಏನಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು ನೆಗೆಟಿವ್, ಆಕಾಶಕ್ಕೊಂದು ನೆಗೆಟಿವ್ ತೆಗೆದು ಒಂದೇ ಪ್ರಿಂಟ್‌ಗೆ ಕೂಡಿಸುತ್ತಿದ್ದ. ಆಗಿನ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ಜಾಸ್ತಿ ಸ್ಪಂದಿಸುತ್ತಿದ್ದರಿಂದ ಆಕಾಶ ಸುಟ್ಟು ಬೆಳ್ಳಗಾಗುತ್ತಿತ್ತು, ಅವನಿಗೆ ಬೇರೆ ದಾರಿ ಇರಲಿಲ್ಲ. ಡಿಜಿಟಲ್ ಕಾಲದಲ್ಲಿ ಇದಕ್ಕೆ ಗಟ್ಟಿ ಲೆಕ್ಕ ಕೊಟ್ಟದ್ದು 1997ರಲ್ಲಿ ಬಂದ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ ಅವರ ಪ್ರಬಂಧ. ಫೋನಿಗೆ ಬಂದದ್ದು ತಡವಾಗಿ, ಐಫೋನ್‌ಗೆ 2010ರಲ್ಲಿ.

ಬೇಲೂರಿಗೇ ವಾಪಸ್ ಬರೋಣ. ಕ್ಯಾಮೆರಾದಲ್ಲಿ ಬ್ರ್ಯಾಕೆಟಿಂಗ್ ಹಾಕಿ ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ಫೋಟೊ ತೆಗೆದು ಸೇರಿಸಿ ನೋಡಿ. ಕಡೆದ ಕಂಬಗಳ ಮೇಲೆ ಉಂಗುರ ಉಂಗುರವಾಗಿ ಓಡುವ ಗೆರೆ, ಆ ನಯಗಾರಿಕೆಯ ಮೇಲೆ ಬಾಗಿಲ ಬೆಳಕು ಒಂದು ಎಳೆಯಾಗಿ ಜಾರಿರುವುದು, ಹಿಂದೆ ಜಾಲಂದ್ರದ ಒಂದೊಂದು ತೂತೂ ಅಂಚು ಕಳೆದುಕೊಳ್ಳದೆ ನಿಂತಿರುವುದು, ಎಲ್ಲ ಒಂದೇ ಚಿತ್ರದಲ್ಲಿ ಸಿಗುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ನಾವು ನೋಡುವುದು ಇದನ್ನೇ. ಫ್ಲ್ಯಾಶ್ ಹಾಕಿದರೆ ಇದು ಬರುವುದಿಲ್ಲ. ಹತ್ತಿರದ ಕಂಬ ಹಾಲಿನಂತೆ ಬೆಳ್ಳಗಾಗಿ ಹಿಂದಿನದೆಲ್ಲ ಇನ್ನೂ ಕಪ್ಪಾಗುತ್ತದೆ. ಈ ಒಂದು ಕೆಲಸಕ್ಕೆ ಎಚ್‌ಡಿಆರ್‌ಗೆ ನಾನು ಐದಕ್ಕೆ ಐದು ಕೊಡುತ್ತೇನೆ, ಎರಡನೇ ಮಾತೇ ಇಲ್ಲ.

ಟ್ರೈಪಾಡ್ ವಿಷಯ ಒಂದಿದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸುಮ್ನೆ ಟ್ರೈಪಾಡ್ ಹೊತ್ತುಕೊಂಡು ಹೋದರೆ ಒಳಗೆ ಬಿಡುವುದಿಲ್ಲ, ಅನುಮತಿ ಬೇಕು. ಹಾಗಾಗಿ ಕೈಯಲ್ಲೇ ಹಿಡಿದು ತೆಗೆಯಬೇಕು. ಮೂರನೇ ಫೋಟೊ, ಅಂದರೆ ಜಾಸ್ತಿ ಬೆಳಕಿನದ್ದು, ಕೈ ನಡುಗಿ ಅಲುಗುವ ಸಾಧ್ಯತೆ ಹೆಚ್ಚು. ಮೊಣಕೈ ಎರಡನ್ನೂ ಎದೆಗೆ ಒತ್ತಿ, ಉಸಿರು ಬಿಟ್ಟು, ಒಂದೇ ಸಲಕ್ಕೆ ಮೂರೂ ಬೀಳುವಂತೆ ಬರ್ಸ್ಟ್‌ನಲ್ಲಿ ತೆಗೆಯಿರಿ. ದಯವಿಟ್ಟು ಕಂಬಕ್ಕೆ ಒರಗಬೇಡಿ. ಒಂಬೈನೂರು ವರ್ಷದ ಕಲ್ಲು ಅದು, ಬಳಪದ ಕಲ್ಲು, ಮೊದಲೇ ಮೆದು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಜಾಸ್ತಿ ಬರುತ್ತಿದ್ದಾರೆ, ಎಲ್ಲರೂ ಒರಗಿದರೆ ಏನು ಗತಿ.

ಈ ಒಂದು ಜಾಗದಲ್ಲಿ ಫೋನು ಕ್ಯಾಮೆರಾವನ್ನು ಮೀರಿಸುತ್ತದೆ ಅಂದರೆ ನಂಬಬೇಕು. ಕೆಲವು ಫೋನುಗಳು ಮೂರು ಬೇರೆ ಬೇರೆ ಬೆಳಕಿನ ಫೋಟೊ ತೆಗೆಯುವುದಿಲ್ಲ. ಗೂಗಲ್ 2013ರಲ್ಲಿ ತಂದ ಎಚ್‌ಡಿಆರ್ ಪ್ಲಸ್ ವಿಧಾನ ಬೇರೆ. ಎಲ್ಲವನ್ನೂ ಬೇಕೆಂದೇ ಕತ್ತಲಾಗಿ, ಒಂದೇ ಅಳತೆಯಲ್ಲಿ, ಪಟಪಟ ಅಂತ ಒಂದಷ್ಟು ತೆಗೆಯುತ್ತದೆ. ಕತ್ತಲಾಗಿ ತೆಗೆದದ್ದರಿಂದ ಬಾಗಿಲು ಸುಡುವುದಿಲ್ಲ. ಒಂಬತ್ತು ಫೋಟೊ ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆದರೆ ಕತ್ತಲಲ್ಲಿ ಕಾಣುವ ಕಾಳು ಕಾಳಾದ ನಾಯ್ಸ್ ಮೂರನೇ ಒಂದಕ್ಕೆ ಇಳಿಯುತ್ತದೆ, ಆಮೇಲೆ ನೆರಳನ್ನು ಧೈರ್ಯವಾಗಿ ಎತ್ತಬಹುದು. ಒಂದೊಂದು ಫೋಟೊವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದರಿಂದ ಕೈ ನಡುಗಿದರೂ ನಡೆಯುತ್ತದೆ. ಟ್ರೈಪಾಡ್ ಇಲ್ಲದ ನವರಂಗಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಇನ್ನು ಅಲ್ಲಿಂದ ಹದಿನೈದು ಹದಿನಾರು ಕಿಲೋಮೀಟರ್ ದೂರದ ಹಳೇಬೀಡಿಗೆ ಹೋಗಿ ಅದೇ ಫೋನ್, ಅದೇ ಸೆಟ್ಟಿಂಗ್‌ನಲ್ಲಿ ಹೊಯ್ಸಳೇಶ್ವರ ಗುಡಿಯ ಹೊರಗೋಡೆ ತೆಗೆಯಿರಿ. ಸಂಜೆ ಬಿಸಿಲು ಪಶ್ಚಿಮದ ಗೋಡೆಗೆ ಓರೆಯಾಗಿ ಬೀಳುವ ಹೊತ್ತು. ಕೆಳಗಿನ ಸಾಲಿನ ಆನೆಗಳನ್ನೇ ನೋಡಿ. ಪ್ರತಿ ಆನೆಯ ಹೊಟ್ಟೆಯ ಕೆಳಗೆ, ಸೊಂಡಿಲ ಪಕ್ಕ, ಕಾಲಿನ ಸಂದಿನಲ್ಲಿ ಒಂದು ಗಟ್ಟಿ ಕಪ್ಪು ನೆರಳು ಕೂತಿರುತ್ತದೆ. ಆ ನೆರಳಿನಿಂದಲೇ ಆನೆ ಗೋಡೆ ಬಿಟ್ಟು ಮುಂದಕ್ಕೆ ಬಂದಂತೆ ಕಾಣುವುದು. ಮೇಲಿನ ದೊಡ್ಡ ವಿಗ್ರಹಗಳಲ್ಲಿ ಒಡವೆಯನ್ನು ಮೈಯಿಂದ ಬಿಡಿಸಿ ಕೊರೆದಿದ್ದಾರೆ, ಹಾರದ ಹಿಂದೆ ಟೊಳ್ಳು, ಆ ಟೊಳ್ಳಿನಲ್ಲಿ ಕತ್ತಲೆ. ಶಿಲ್ಪಿಗಳು ಉಳಿಯಿಂದ ಕೊರೆದದ್ದು ಕಲ್ಲನ್ನಷ್ಟೇ ಅಲ್ಲ, ಆ ಕತ್ತಲೆಯನ್ನೂ ಲೆಕ್ಕ ಹಾಕಿಯೇ ಕೊರೆದಿದ್ದಾರೆ. ಫೋನಿಗೆ ಅದು ಗೊತ್ತಿಲ್ಲ. ಕಪ್ಪು ಕಂಡ ಕೂಡಲೇ ಎತ್ತಿ ಬೂದು ಮಾಡುತ್ತದೆ. ಬಿಸಿಲು ಬಿದ್ದ ಭಾಗವನ್ನು ಇಳಿಸಿ ಅದನ್ನೂ ಬೂದು ಮಾಡುತ್ತದೆ. ಕೊನೆಗೆ ಉಳಿಯುವುದು ಚಪ್ಪಟೆ ಗೋಡೆಯ ಮೇಲೆ ಗೀಚಿದ ಆನೆಗಳ ಸಾಲು. ವಿವರ ಎಲ್ಲ ಇದೆ, ಉಗುರೂ ಕಾಣುತ್ತದೆ, ಗಂಟೆಯೂ ಕಾಣುತ್ತದೆ, ಆದರೆ ಆಳ ಇಲ್ಲ. ಹೊಯ್ಸಳ ಶಿಲ್ಪಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಬೇಕಾ? ಇಲ್ಲಿ ಎಚ್‌ಡಿಆರ್‌ಗೆ ಐದಕ್ಕೆ ಒಂದು.

ಶ್ರವಣಬೆಳಗೊಳದಲ್ಲಿ ಇನ್ನೊಂದು ದೋಷ ಎದ್ದು ಕಾಣುತ್ತದೆ. ವಿಂಧ್ಯಗಿರಿ ಹತ್ತಿ ಗೊಮ್ಮಟನ ಪಾದದ ಹತ್ತಿರ ನಿಂತು ಮೇಲಕ್ಕೆ ಕ್ಯಾಮೆರಾ ಹಿಡಿದರೆ 58 ಅಡಿ ಎತ್ತರದ ಮೂರ್ತಿ, ಹಿಂದೆ ಖಾಲಿ ಆಕಾಶ. ಟೋನ್ ಮ್ಯಾಪಿಂಗ್ ಸಾಫ್ಟ್‌ವೇರ್ ಪ್ರತಿ ಜಾಗಕ್ಕೂ ಅದರ ಸುತ್ತಲಿನ ಬೆಳಕು ನೋಡಿ ಏರಿಸುವುದು ಇಳಿಸುವುದು ಮಾಡುತ್ತದೆ. ನೆರಳಿರುವ ಭುಜ ಎತ್ತುವಾಗ ಪಕ್ಕದ ಆಕಾಶವನ್ನೂ ಸ್ವಲ್ಪ ಎತ್ತಿಬಿಡುತ್ತದೆ, ದೂರದ ಆಕಾಶವನ್ನು ಕಡು ನೀಲಿ ಮಾಡುತ್ತದೆ. ಹಾಗಾಗಿ ಗುಂಗುರು ಕೂದಲಿನ ತಲೆಯಿಂದ ಭುಜದ ತನಕ ಒಂದು ಬಿಳಿ ಪಟ್ಟಿ ಅಂಟಿಕೊಳ್ಳುತ್ತದೆ. ಇದಕ್ಕೆ ಹೇಲೋ ಅನ್ನುತ್ತಾರೆ. ಕೆಲವರು ಅದನ್ನು ನೋಡಿ ದೇವರ ಪ್ರಭೆ ಇದ್ದ ಹಾಗಿದೆ, ಚೆನ್ನಾಗಿದೆ ಅನ್ನುತ್ತಾರೆ. ನನಗೆ ಒಪ್ಪಿಗೆ ಇಲ್ಲ. ಒಂದೇ ಬಂಡೆಯಿಂದ, 981ರಲ್ಲಿ, ಅಷ್ಟು ನಯವಾಗಿ ಬಂದ ಅಂಚು ಅದು. ಅದನ್ನು ಮಸುಕು ಮಾಡುವ ಹಕ್ಕು ಸಾಫ್ಟ್‌ವೇರ್‌ಗೆ ಇಲ್ಲ.

ಚಿಕ್ಕಮಗಳೂರಿನ ಕಡೆ ಬಂದರೆ ಕತೆ ಇನ್ನೂ ಬೇರೆ. ಮುಳ್ಳಯ್ಯನಗಿರಿಯಲ್ಲಿ ಮಂಜು ಕವಿದಾಗ ಬೆಳಕಿನ ಅಂತರವೇ ಇರುವುದಿಲ್ಲ, ಎಲ್ಲ ತೆಳು ಬೂದು. ನಾಲ್ಕೈದು ಸ್ಟಾಪ್‌ನಲ್ಲಿ ಮುಗಿದುಹೋಗುವ ದೃಶ್ಯಕ್ಕೆ ಎಚ್‌ಡಿಆರ್ ಯಾಕೆ? ಆದರೂ ಆಟೊ ಇಟ್ಟರೆ ಫೋನು ಸುಮ್ಮನಿರುವುದಿಲ್ಲ. ಇಲ್ಲದ ವಿವರ ಹುಡುಕಿ ಅಂಚುಗಳನ್ನು ಚೂಪು ಮಾಡುತ್ತದೆ, ಮಂಜು ಹೋಗಿ ಹೊಗೆ ಬರುತ್ತದೆ, ಕೊಳೆ ಕೊಳೆಯಾಗಿ. ಗಾಳಿ ಬೇರೆ. ಗುಡ್ಡದ ಮೇಲೆ ಹುಲ್ಲು ಒಂದು ಕ್ಷಣ ನಿಲ್ಲುವುದಿಲ್ಲ. ಮೂರು ಫೋಟೊದಲ್ಲಿ ಹುಲ್ಲು ಮೂರು ಕಡೆ ಇರುತ್ತದೆ, ಸೇರಿಸಿದಾಗ ಒಂದು ಎಸಳು ಎರಡಾಗಿ ಕಾಣುತ್ತದೆ. ಇದಕ್ಕೆ ಗೋಸ್ಟಿಂಗ್ ಅನ್ನುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಇದನ್ನು ತೆಗೆಯುವ ಆಯ್ಕೆ ಇದೆ. ಅಲುಗಿದ ಜಾಗಕ್ಕೆ ಒಂದೇ ಫೋಟೊದ ಭಾಗ ಹಾಕುತ್ತದೆ, ಆದರೆ ಆ ಜಾಗ ಪಕ್ಕದ್ದಕ್ಕಿಂತ ಒರಟಾಗಿ, ತೇಪೆ ಹಾಕಿದ ಹಾಗೆ ಕಾಣುತ್ತದೆ.

ಕಾಫಿ ತೋಟದ ಒಳಗಡೆ ನಾನು ಒಂದು ಕಡೆ ನಿಲ್ಲಲಾರೆ. ಸಿಲ್ವರ್ ಓಕ್ ಕೆಳಗೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ, ಒಂದು ಎಲೆ ಉರಿಯುತ್ತಿರುತ್ತದೆ, ಪಕ್ಕದ್ದು ಕತ್ತಲು. ಇಂಥ ಕಡೆ ಫೋನಿನ ಎಚ್‌ಡಿಆರ್ ನಿಜಕ್ಕೂ ಉಪಕಾರ ಮಾಡುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಆದ ಮೇಲೆ ಕೊಂಬೆ ತುಂಬ ಬಿಳಿ ಹೂ ಬಂದಿರುವಾಗ ಸಾಮಾನ್ಯ ಫೋಟೊದಲ್ಲಿ ಹೂವೆಲ್ಲ ಸುಣ್ಣ ಬಳಿದ ಹಾಗೆ ಒಂದೇ ಬಿಳಿ. ಎಚ್‌ಡಿಆರ್‌ನಲ್ಲಿ ಒಂದೊಂದು ಎಸಳಿನ ಮಡಿಕೆಯೂ ಉಳಿಯುತ್ತದೆ, ಹಿಂದಿನ ಹಸಿರೂ ಸಾಯುವುದಿಲ್ಲ. ಇಷ್ಟು ಒಳ್ಳೆಯದು. ಆದರೆ ಅದೇ ತೋಟದಲ್ಲಿ ಹಣ್ಣು ಬಿಡಿಸುವ ಹೆಂಗಸರ ಫೋಟೊ ತೆಗೆದರೆ ನನಗೆ ಸಿಟ್ಟು ಬರುತ್ತದೆ. ಮುಖ ನೆರಳಲ್ಲಿದೆ ಅಂತ ಎತ್ತೋದು, ಎತ್ತಿ ಎತ್ತಿ ಕಪ್ಪು ಮೈಬಣ್ಣವನ್ನು ಬೂದಿ ಮಾಡೋದು, ಮುಖದ ಸುಕ್ಕುಗಳನ್ನು ಮಾತ್ರ ಚೂಪಾಗಿ ಕೆತ್ತೋದು. ಮನುಷ್ಯರ ಮುಖಕ್ಕೆ ನೆರಳು ಬೇಕು, ಮೂಗು ಗಲ್ಲ ಎಲ್ಲ ನಿಲ್ಲುವುದೇ ಅದರಿಂದ. ಮದುವೆ ಆಲ್ಬಂ ಮಾಡುವ ಕೆಲವರು ಈಗ ಬೇಕೆಂದೇ ಈ ಥರ ಮಾಡುತ್ತಾರೆ. ಹುಡುಗಿಯ ಒಡವೆ ಮಿಂಚುತ್ತದೆ, ಪಕ್ಕದಲ್ಲಿ ನಿಂತ ಅಜ್ಜಿಗೆ ಹತ್ತು ವರ್ಷ ಹೆಚ್ಚಾಗಿರುತ್ತದೆ.

ಹೋಂಸ್ಟೇ ಫೋಟೊಗಳ ಬಗ್ಗೆ ಹೇಳದೆ ಬಿಟ್ಟರೆ ಚಿಕ್ಕಮಗಳೂರಿನ ಮಾತು ಪೂರ್ತಿ ಆಗುವುದಿಲ್ಲ. ಕೋಣೆಯ ಒಳಗಿನಿಂದ ತೆಗೆದು, ಮಂಚವೂ ಕಾಣಬೇಕು, ಕಿಟಕಿಯ ಆಚೆಯ ಗುಡ್ಡವೂ ಕಾಣಬೇಕು ಅಂದರೆ ಎಚ್‌ಡಿಆರ್ ಇಲ್ಲದೆ ಆಗದು. ಅದು ನ್ಯಾಯವಾದ ಉಪಯೋಗ. ಅಲ್ಲಿ ನಿಂತವರಿಗೆ ಎರಡೂ ಕಾಣುತ್ತದಲ್ಲ. ಆದರೆ ಅಲ್ಲಿಗೇ ನಿಲ್ಲಿಸದೆ ಹಸಿರನ್ನು ಗಿಳಿಹಸಿರು ಮಾಡಿ, ಮೋಡಕ್ಕೆ ನೇರಳೆ ಬಳಿದು, ಈಜುಕೊಳಕ್ಕೆ ಬಣ್ಣದ ನೀರು ತುಂಬಿಸಿದ ಹಾಗೆ ಮಾಡಿ ಹಾಕುತ್ತಾರೆ. ಆ ಬಣ್ಣ ಬೆಳಕಿನ ಅಂತರದಿಂದ ಬಂದದ್ದಲ್ಲ, ಸಾಫ್ಟ್‌ವೇರ್‌ನಲ್ಲಿ ಬಣ್ಣ ಹೆಚ್ಚಿಸುವ ಪಟ್ಟಿಯನ್ನು ಎಳೆದದ್ದರಿಂದ ಬಂದದ್ದು. ಬುಕ್ ಮಾಡುವ ಮೊದಲು ಆ ಜಾಗಕ್ಕೆ ಹೋದವರು ಸುಮ್ನೆ ಫೋನಿನಲ್ಲಿ ತೆಗೆದ ಫೋಟೊ ಹುಡುಕಿ ನೋಡಿ. ಗಿಡದ ಬುಡದಲ್ಲಿ ಒಂದಿಷ್ಟಾದರೂ ಕಪ್ಪು ಇದೆಯಾ ಗಮನಿಸಿ. ಎಲ್ಲೂ ನೆರಳೇ ಇಲ್ಲದ ಫೋಟೊ ನಂಬಬೇಡಿ.

ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚ್ ಮಾತ್ರ ನನಗೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಚಾವಣಿ ಇಲ್ಲ, ಕಮಾನುಗಳ ಒಳಗೆ ನೆರಳು, ಮೇಲೆ ಸುಡುವ ಆಕಾಶ. ಎಚ್‌ಡಿಆರ್ ಬೇಡುವ ಜಾಗ. ಆದರೆ ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರು ಏರಿ ಗೋಡೆಗಳು ಅರ್ಧ ಮುಳುಗಿದಾಗ ನೀರಿನ ಅಲೆ ಮೂರು ಫೋಟೊದಲ್ಲಿ ಮೂರು ಥರ ಇರುತ್ತದೆ, ಸೇರಿಸಿದರೆ ಪ್ರತಿಬಿಂಬ ಹರಿದುಹೋಗುತ್ತದೆ. ನಾನು ಅಲ್ಲಿ ಈಗ ಒಂದೇ ರಾ ಫೈಲ್, ಅಂದರೆ ಸೆನ್ಸರ್ ಹಿಡಿದದ್ದನ್ನು ಜೆಪೆಗ್‌ಗೆ ಕುಗ್ಗಿಸದೆ ಹಾಗೇ ಉಳಿಸುವ ಫೈಲ್, ತೆಗೆಯುತ್ತೇನೆ. ಮೋಡ ಸುಡದಷ್ಟು ಕತ್ತಲಾಗಿ ತೆಗೆದು, ಮನೆಯಲ್ಲಿ ನೆರಳನ್ನು ಬೇಕಾದಷ್ಟೇ ಎತ್ತುತ್ತೇನೆ. ಹದಿನಾಲ್ಕು ಬಿಟ್‌ನ ರಾ ಫೈಲ್‌ನಲ್ಲಿ 16,384 ಮೆಟ್ಟಿಲು ಇರುವುದರಿಂದ ಎರಡು ಮೂರು ಸ್ಟಾಪ್ ಎತ್ತಿದರೂ ತಡೆದುಕೊಳ್ಳುತ್ತದೆ. ಇಟ್ಟಿಗೆಯ ಬಣ್ಣ ಇಟ್ಟಿಗೆಯ ಬಣ್ಣವಾಗಿಯೇ ಉಳಿಯುತ್ತದೆ. ಹತ್ತು ವರ್ಷದ ಈಚೆಗಿನ ಕ್ಯಾಮೆರಾ ನಿಮ್ಮಲ್ಲಿದ್ದರೆ ಮೂರು ಫೋಟೊ ಸೇರಿಸುವ ಅಗತ್ಯ ನೀವು ಅಂದುಕೊಂಡಷ್ಟು ಬರುವುದಿಲ್ಲ. ನವರಂಗದಂಥ ಜಾಗಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಖರ್ಚಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬ್ರ್ಯಾಕೆಟಿಂಗ್ ಹೆಚ್ಚಿನ ಕ್ಯಾಮೆರಾಗಳಲ್ಲಿ ಇದ್ದೇ ಇರುತ್ತದೆ. ಸೇರಿಸುವುದಕ್ಕೆ ಲೈಟ್‌ರೂಮ್ ಅನ್ನುವ ಸಾಫ್ಟ್‌ವೇರ್ ಸುಲಭ, ಫಲಿತಾಂಶವೂ ಸಹಜ, ಆದರೆ ಚಂದಾ ಕಟ್ಟುತ್ತಲೇ ಇರಬೇಕು. ದುಡ್ಡು ಬೇಡ ಅನ್ನುವವರಿಗೆ ಡಾರ್ಕ್‌ಟೇಬಲ್, ಲ್ಯೂಮಿನೆನ್ಸ್ ಎಚ್‌ಡಿಆರ್ ಉಚಿತವಾಗಿ ಸಿಗುತ್ತವೆ. ಹ್ಯೂಗಿನ್ ಅನ್ನುವ ಇನ್ನೊಂದು ಉಚಿತ ಸಾಫ್ಟ್‌ವೇರ್ ಜೊತೆ ಬರುವ ಎನ್‌ಫ್ಯೂಸ್ ನನಗೆ ಎಲ್ಲಕ್ಕಿಂತ ಇಷ್ಟ. ಅದು ಟೋನ್ ಮ್ಯಾಪಿಂಗ್ ಗೋಜಿಗೇ ಹೋಗದೆ ಪ್ರತಿ ಫೋಟೊದಲ್ಲಿ ಸರಿಯಾಗಿ ಬಂದ ಭಾಗಗಳನ್ನು ಬೆರೆಸುತ್ತದೆ, ಹಾಗಾಗಿ ಬಣ್ಣ ಅರಚುವುದಿಲ್ಲ. ಒಂದು ಚಿತ್ರಕ್ಕೆ ಮೂರು ಪಟ್ಟು ಜಾಗ ಹೋಗುತ್ತದೆ ಅನ್ನುವುದನ್ನು ಮಾತ್ರ ಮರೆಯಬೇಡಿ.

ಒಂದು ಗೊಂದಲ ಈಚೆಗೆ ಜಾಸ್ತಿಯಾಗಿದೆ. ಈಗಿನ ಫೋನಿನ ಗ್ಯಾಲರಿಯಲ್ಲಿ ಕೆಲವು ಫೋಟೊ ತೆರೆದ ಕೂಡಲೇ ಆಕಾಶ, ದೀಪ ಎಲ್ಲ ಪರದೆಯಿಂದ ಹೊರಗೆ ಬಂದಷ್ಟು ಬೆಳಗುತ್ತವೆ. ಅದು ಬೇರೆ ಎಚ್‌ಡಿಆರ್, ಪರದೆಯದ್ದು. ಆಂಡ್ರಾಯ್ಡ್ 14ರಲ್ಲಿ, ಅಂದರೆ 2023ರಲ್ಲಿ, ಅಲ್ಟ್ರಾ ಎಚ್‌ಡಿಆರ್ ಅಂತ ಬಂತು. ಸಾಮಾನ್ಯ ಜೆಪೆಗ್ ಒಳಗೇ ಎಲ್ಲೆಲ್ಲಿ ಎಷ್ಟು ಬೆಳಗಿಸಬೇಕು ಅನ್ನುವ ಇನ್ನೊಂದು ಪದರ ಇಟ್ಟಿರುತ್ತಾರೆ. ಒಳ್ಳೆಯ ಪರದೆಯಲ್ಲಿ ನಿಜಕ್ಕೂ ಚೆನ್ನಾಗಿರುತ್ತದೆ, ನೆರಳನ್ನು ಕೊಲ್ಲದೆ ಬೆಳಕನ್ನು ತೋರಿಸುವ ದಾರಿ ಇದೇ ಅಂತ ನನಗೂ ಅನ್ನಿಸಿದೆ. ಆದರೆ ಬೇರೆಯವರಿಗೆ ಕಳಿಸುವಾಗ ಮಧ್ಯದ ಆಪ್ ಆ ಪದರವನ್ನು ಕಿತ್ತುಹಾಕಿದರೆ ಅವರಿಗೆ ಸಪ್ಪೆ ಫೋಟೊ ಸಿಗುತ್ತದೆ. ಕಾಗದಕ್ಕಂತೂ ಆ ಬೆಳಕು ಬರುವುದೇ ಇಲ್ಲ. ಪ್ರಿಂಟ್ ಹಾಕಿಸುವುದಿದ್ದರೆ ಪರದೆಯ ಬ್ರೈಟ್‌ನೆಸ್ ಇಳಿಸಿ, ಎಚ್‌ಡಿಆರ್ ತೋರಿಸುವುದನ್ನು ಆಫ್ ಮಾಡಿ ನೋಡಿ, ಆಮೇಲೆ ಸ್ಟುಡಿಯೋಗೆ ಕೊಡಿ.

ಫೋನ್ ಕೊಳ್ಳುವವರು ಅಂಗಡಿಯಲ್ಲೇ ಇದನ್ನೆಲ್ಲ ಪರೀಕ್ಷೆ ಮಾಡಬಹುದು. ಒಳಗೆ ಗೋಡೆಯ ಹತ್ತಿರ ನಿಂತು ಬಿಸಿಲಿರುವ ಬಾಗಿಲ ಕಡೆಗೆ ಒಂದು ಫೋಟೊ ತೆಗೆಯಿರಿ, ರಸ್ತೆ ಮತ್ತು ಒಳಗಿನ ಕಪಾಟು ಎರಡೂ ಕಾಣಬೇಕು. ಬಾಗಿಲಲ್ಲಿ ಯಾರಾದರೂ ಹಾದು ಹೋಗುವಾಗ ಇನ್ನೊಂದು, ಅವರ ಕೈಕಾಲು ಎರಡೆರಡು ಆಗಿರಬಾರದು. ಜೊತೆಗೆ ಬಂದವರನ್ನು ಬಾಗಿಲ ಪಕ್ಕ ನಿಲ್ಲಿಸಿ ಮುಖದ್ದೊಂದು ತೆಗೆದು, ಫೋಟೊ ದೊಡ್ಡದು ಮಾಡಿ ಮುಖದ ಜೊತೆ ಹೋಲಿಸಿ ನೋಡಿ. ಆಮೇಲೆ ಸೆಟ್ಟಿಂಗ್ ತೆರೆದು ಎಚ್‌ಡಿಆರ್ ಆಫ್ ಮಾಡಲು ಬರುತ್ತದಾ ಹುಡುಕಿ, ಈಚಿನ ಎಷ್ಟೋ ಫೋನುಗಳಲ್ಲಿ ಆ ಬಟನ್ನೇ ತೆಗೆದುಬಿಟ್ಟಿದ್ದಾರೆ. ಇಲ್ಲದಿದ್ದರೆ ಪ್ರೊ ಮೋಡ್‌ನಲ್ಲಿ ರಾ ಫೈಲ್ ತೆಗೆಯಲು ಬರುತ್ತದಾ ಕೇಳಿ. ಎರಡೂ ಇಲ್ಲ ಅಂದರೆ ಆ ಫೋನ್ ಬೇಡ, ಪಕ್ಕದ್ದು ತೋರಿಸಿ ಅನ್ನಿ.